ಹೊಸ್ತಿಲ ಮೇಲಿನ ಬಸಳೆ

ಏಳನೇ ಕ್ಲಾಸಿನ ಆಚೆ ನನಗೆ ಓದು ಹತ್ತಲಿಲ್ಲ. ಆದರೂ ಆಡಳಿತದ ಒಂದು ವಿಷಯ ಚೆನ್ನಾಗಿ ಗೊತ್ತು. ಇಬ್ಬರ ಅಧಿಕಾರ ಸೇರುವ ಗಡಿಯಲ್ಲಿ ಯಾರ ಅಧಿಕಾರವೂ ಇರುವುದಿಲ್ಲ. ಊರಿನ ನಮ್ಮ ರಸ್ತೆಯಲ್ಲಿ ಮೋರಿಯ ಈಚೆ ಪುರಸಭೆ, ಆಚೆ ಜಿಲ್ಲಾ ಪಂಚಾಯತ್. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಡಾಂಬರು ಹಾಕಿಕೊಂಡು ಬಂದು, ಮೋರಿಯ ಮೇಲೆ ಸರಿಯಾಗಿ ಒಂದು ಹೊಂಡ ಬಿಟ್ಟುಹೋದರು. ನನ್ನ ಸೈಕಲ್ಲಿನ ಚಕ್ರ ಸೊಟ್ಟಗಾದದ್ದು ಅಲ್ಲೇ. ಆಗ ಅವರಿಗೆ ಹಾಕಿದ ಶಾಪ ಈಗ ನನಗೇ ತಟ್ಟಿದೆ.

ಈಗ ಕೊಲ್ಲಿ ನಾಡಿನ ಅಲ್ ವುಕೈರಿನ ಫ್ಲ್ಯಾಟಿನಲ್ಲಿ ಅಣ್ಣ, ಅತ್ತಿಗೆ, ನಾನು. ಅತ್ತಿಗೆ ರಜೆಗೆ ಊರಿಗೆ ಹೊರಟಾಗ ಅಣ್ಣ ಆಫೀಸಿನ ಗತ್ತಿನಲ್ಲಿ ಹೇಳಿದ, "ಒಳಗಿನದ್ದೆಲ್ಲ ನನ್ನದು, ಬಾಲ್ಕನಿ ನಿನ್ನದು. ನಾನು ಜಿಲ್ಲಾ ಪಂಚಾಯತ್, ನೀನು ಪುರಸಭೆ. ಗೊತ್ತಾಯ್ತಲ್ಲ ಮಾರಾಯ?"

ಅತ್ತಿಗೆಯ ಬಸಳೆ ಬಳ್ಳಿ ಮಾತ್ರ ಪೇಂಟ್ ಡಬ್ಬಿಯೊಳಗೆ, ಬಾಲ್ಕನಿಯ ಹೊಸ್ತಿಲ ಮೇಲೆ ಕೂತಿತ್ತು. ಪೂರ್ತಿ ಹೊರಗಿಟ್ಟರೆ ಇಲ್ಲಿಯ ಬಿಸಿಲಿಗೆ ಬೇಯುತ್ತದೆ, ಪೂರ್ತಿ ಒಳಗಿಟ್ಟರೆ ಎಸಿಗೆ ಮುದುಡುತ್ತದೆ. ಅದರ ದಂಟು ಅವರ ತಾಯಿಯ ಚಪ್ಪರದಿಂದ ಬಂದದ್ದು. ಈಗ ತಾಯಿಯೂ ಇಲ್ಲ, ಚಪ್ಪರವೂ ಇಲ್ಲ.

ಹಮದ್ ಬಂದರಿನಲ್ಲಿ ಟ್ರೈಲರ್ ಓಡಿಸಿ ಬಂದ ನಾನು ಆ ಬಳ್ಳಿಯನ್ನು ದಾಟಿ ಹೋಗಿ ಬಟ್ಟೆ ಒಣಗಿಸುತ್ತಿದ್ದೆ. ಅಣ್ಣ ಅದನ್ನೇ ದಾಟಿ ಫೋನಿನಲ್ಲಿ ಮಾತಾಡುತ್ತಿದ್ದ. ಎಲೆ ಜೋತುಬಿದ್ದ ಮೇಲೆ ಕೇಳಿದೆ, "ನೀರು ಹಾಕಿದ್ದೀಯಾ?"

"ಅದು ಬಾಲ್ಕನಿಯದ್ದಲ್ವಾ?"

"ಅರ್ಧ ಮಾತ್ರ."

"ಹಾಗಾದ್ರೆ ನಿನ್ನ ಅರ್ಧಕ್ಕೆ ನೀನು ಹಾಕು."

ಒಂದು ಲೋಟ ನೀರಿನ ಕೆಲಸ. ಇಬ್ಬರಿಗೂ ಹಟ.

ಅತ್ತಿಗೆ ಬರುವ ಹಿಂದಿನ ಸಂಜೆ, ಬಳ್ಳಿ ಒಣಗಿಹೋಗಿತ್ತು. ನೀರು ಹಾಕುವ ಬದಲು ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಒಳಗೆ, ಜಿಲ್ಲಾ ಪಂಚಾಯತಿನ ಹದ್ದಿಗೆ ನೂಕಿದೆ.

ಅತ್ತಿಗೆ ಬ್ಯಾಗು ಇಳಿಸಿ ನೇರ ಅಲ್ಲಿಗೇ ಹೋಗಿ ಅಣ್ಣನತ್ತ ತಿರುಗಿದರು. "ಎಂತ ಮಾರಾಯ್ರೆ ಇದು? ನಿಮ್ಮ ಕಣ್ಣೆದುರೇ ಉಂಟಲ್ಲ."

ಅಣ್ಣ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. ಅತ್ತಿಗೆ ಉಗುರಿನಿಂದ ದಂಟು ಕೆರೆದರು. ಬುಡದಲ್ಲಿ ತುಸು ಹಸಿರಿತ್ತು. ಡಬ್ಬಿಯನ್ನು ಎತ್ತಿ ಅಡುಗೆಮನೆಯ ಕಿಟಕಿಗೆ ಸಾಗಿಸಿದರು. "ಇನ್ನು ಇದು ಕೇಂದ್ರ ಸರ್ಕಾರದ್ದು. ನೀವಿಬ್ಬರೂ ಖಲಾಸ್."

ಬಳ್ಳಿ ಚಿಗುರಿತು. ಮೊದಲ ಬಸಳೆ ಹುಳಿಯ ದಿನ ಅಣ್ಣನ ತಟ್ಟೆಗೆ ಬರೀ ರಸ, ನನಗೆ ದಂಟೆಲ್ಲ. "ಪಾಪ, ಬಿಸಿಲಲ್ಲಿ ದುಡಿಯುವವನು, ನೀನು ಸರೀ ತಿನ್ನು" ಎಂದರು ಅತ್ತಿಗೆ. ಅಣ್ಣ ತಲೆ ತಗ್ಗಿಸಿ ರಸ ಕಲಸುತ್ತಿದ್ದ. ನಿಜ ಹೇಳಿಬಿಡಬೇಕು ಅನ್ನಿಸಿತು. ಆದರೆ ಅದನ್ನು ಹೇಳಬೇಕಾದವನು ನಾನೋ ಅಣ್ಣನೋ ಎಂದು ಯೋಚಿಸುತ್ತಾ ಇನ್ನೊಂದು ಸೌಟು ಹಾಕಿಸಿಕೊಂಡೆ.