ಶಾಸ್ತ್ರೋಕ್ತವಾಗಿ ತಲೆದೂಗಿದ ಮರುಳಸಿದ್ದಪ್ಪ

ಇನ್ನು ಮುಂದೆ ತಾನು ಸಂಗೀತವನ್ನು ಶಾಸ್ತ್ರೋಕ್ತವಾಗಿಯೇ ಕೇಳುವುದು, ಸುಮ್ಮನೆ ಕೇಳುವುದು ದನ ಕಾಯುವವರ ಕೆಲಸ ಎಂದು ಕಂಪ್ಲಿಯ ಅಕ್ಕಿ ಗಿರಣಿಯ ಮರುಳಸಿದ್ದಪ್ಪ ಸಾರಿದಾಗ ಹೆಂಡತಿ ನೀಲಗಂಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಲಯ ತಪ್ಪಲಿಲ್ಲ.

ಕಾರಣವಿತ್ತು. ಹೊಸಪೇಟೆಯ ಬಟ್ಟೆ ವ್ಯಾಪಾರಿ ಸುಂಕಪ್ಪನ ಮಗಳನ್ನು ಸೊಸೆಯಾಗಿ ತಂದುಕೊಳ್ಳಬೇಕೆಂದು ಅವನಿಗೆ ಆಸೆ. ಸುಂಕಪ್ಪನೋ, "ನಮ್ಮ ಹುಡುಗಿ ಹಾಡ್ತಾಳ. ಆ ತೌಡಿನ ಧೂಳಿನಾಗ ಆಕಿ ಹಾಡು ಕೇಳೋರು ಯಾರದಾರ?" ಎಂದು ಯಾರದೋ ಮುಂದೆ ಅಂದಿದ್ದ. ಮಾತು ಬಸ್ಸಿಗಿಂತ ಮೊದಲು ಕಂಪ್ಲಿಗೆ ಬಂದು ಇಳಿಯಿತು.

ಮರುಳಸಿದ್ದಪ್ಪ ಬಳ್ಳಾರಿಗೆ ಹೋಗಿ ದೊಡ್ಡ ಕಹಳೆಯ ಗ್ರಾಮಫೋನು ತಂದ. ಜೊತೆಗೆ ಯಾರೋ ಗಾಯಕಿ ಹಾಡಿದ ಒಂದು ತಟ್ಟೆ. ಹಾಡಲು ಬಾರದಿದ್ದರೂ ಹಾಡಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ತೋಟಪ್ಪ ಮಾಸ್ತರರು ಅವನಿಗೆ ಗುರುವಾದರು. ಎಲ್ಲಿ ಕಣ್ಣು ಮುಚ್ಚಬೇಕು, ಎಲ್ಲಿ 'ಭೇಷ್' ಅನ್ನಬೇಕು, ಎಲ್ಲಿ ತೊಡೆ ತಟ್ಟಬೇಕು ಎಂಬುದೆಲ್ಲ ಪಾಠವಾಯಿತು. ತಟ್ಟೆ ಸವೆದೀತೆಂದು ಪಾಠವೆಲ್ಲ ಪೆಟ್ಟಿಗೆ ಮುಚ್ಚಿಟ್ಟೇ ನಡೆಯಿತು.

"ನಾನೂ ಒಂದೀಟು ಕೇಳ್ಲೇನ್ರಿ?" ಎಂದಳು ನೀಲಗಂಗಮ್ಮ.

"ನಿನಗ ಸ್ವರ ತಿಳೀತೈತೇನು?"

"ಇಲ್ರಿ."

"ಹಂಗಾದ್ರ ಕೇಳಿ ಏನ್ ಮಾಡ್ತಿ? ಬೀಗರು ಬಂದಾಗ ಬಾಯಿ ಬಿಡಬ್ಯಾಡ, ಮರ್ಯಾದಿ ಹೋಗ್ತೈತಿ."

ಕರೆ ಕಳಿಸಿದ ಮೇಲೆ ಒಂದು ಭಾನುವಾರ ಸುಂಕಪ್ಪ ಬಂದ, ಮಾಸ್ತರರೂ ಬಂದರು. ಊಟವಾಯಿತು, ಎಲೆಯಡಿಕೆಯಾಯಿತು. ಮರುಳಸಿದ್ದಪ್ಪ ಪೂಜೆಗೆ ಕೂತವನಂತೆ ಗ್ರಾಮಫೋನಿನ ಮುಂದೆ ಕೂತ. ಕೀ ಜಾಸ್ತಿ ಕೊಟ್ಟರೆ ಸ್ಪ್ರಿಂಗು ಕಡಿಯುತ್ತದೆಂದು ಅಂಗಡಿಯವನು ಹೆದರಿಸಿದ್ದನಾದ್ದರಿಂದ, ಕೂಸಿನ ಕಿವಿ ಹಿಂಡಿದಷ್ಟೇ ಮೆಲ್ಲಗೆ ಕೀ ತಿರುವಿ ತಟ್ಟೆಯ ಮೇಲೆ ಮುಳ್ಳನ್ನು ಇಳಿಸಿದ.

ಗಾಯಕಿ ಕೋಗಿಲೆಯಂತೆ ಶುರು ಮಾಡಿದಳು. ತುಸು ಹೊತ್ತಿಗೆ ಕೋಗಿಲೆಗೆ ನೆಗಡಿಯಾಯಿತು. ದನಿ ಇಳಿಯಿತು, ದಪ್ಪವಾಯಿತು, ಕೊನೆಗೆ ಕೆಸರಿನಿಂದ ಏಳುವ ಎಮ್ಮೆಯಂತೆ ಗೊಗ್ಗರಿಸತೊಡಗಿತು.

ಮರುಳಸಿದ್ದಪ್ಪ ಮಾಸ್ತರರ ಕಡೆ ನೋಡಿದ. ಮಾಸ್ತರರು ಕಣ್ಣು ಮುಚ್ಚಿಕೊಂಡು, "ಆಹಾ, ಮಂದ್ರ ಸ್ಥಾಯಿ," ಎಂದರು.

"ಭೇಷ್," ಎಂದ ಮರುಳಸಿದ್ದಪ್ಪ.

"ಈಗ ಹಾಡಾಕ ಹತ್ತಿದಾರಲ್ಲ, ಇವ್ರು ಯಾರು?" ಎಂದ ಸುಂಕಪ್ಪ.

"ಆಯಮ್ಮನ ಗುರುಗಳು," ಎಂದರು ಮಾಸ್ತರರು. "ಶಿಷ್ಯಳು ದಣಿದ್ಲು, ಗುರುಗಳು ಎತ್ತಿಕೊಂಡ್ರು."

"ಭಾಳ ಘನವಾದ ದನಿ," ಎಂದು ಸುಂಕಪ್ಪ ತಾನೂ ತಲೆದೂಗಿದ.

ಇಷ್ಟಾದ ಮೇಲೆ ಮರುಳಸಿದ್ದಪ್ಪನ ರಸಿಕತೆಯ ಕಟ್ಟೆಯೊಡೆಯಿತು. ಎದ್ದು, ಹೆಗಲ ಮೇಲಿದ್ದ ಜರಿ ಶಲ್ಯವನ್ನು ತೆಗೆದು ಗುರುಗಳಿಗೆಂದು ಕಹಳೆಗೇ ಹೊದಿಸಿದ. ಶಲ್ಯದ ಸೆರಗು ಜಾರಿ ತಿರುಗುವ ತಟ್ಟೆಗೆ ಸುತ್ತಿಕೊಂಡಿತು. ಬಿಡಿಸಲು ಎಳೆದ, ಕಹಳೆ ಕಳಚಿ ಬಂದು ಸುಂಕಪ್ಪನ ರುಮಾಲಿನ ಮೇಲೆ ಕಿರೀಟದಂತೆ ಕೂತಿತು. ಗುರುಗಳು ಒಮ್ಮೆ ನರಳಿ ಮೌನವಾದರು.

ಸಂಬಂಧ ಮುರಿಯಿತೆಂದು ಮರುಳಸಿದ್ದಪ್ಪ ಗೋಡೆಗೊರಗಿ ಕುಸಿದ. ನೀಲಗಂಗಮ್ಮ ಒಳಗಿನಿಂದ ಬಂದಳು. ಬೀಗನ ತಲೆಯಿಂದ ಕಹಳೆ ಇಳಿಸಿ ಜೋಡಿಸಿದಳು, ಶಲ್ಯ ಬಿಡಿಸಿದಳು, ರೊಟ್ಟಿ ತಟ್ಟುವ ಕೈಯಿಂದ ಗಟ್ಟಿಯಾಗಿ ಕೀ ಕೊಟ್ಟು ಮುಳ್ಳನ್ನಿಟ್ಟಳು.

ಈ ಸಲ ಹಾಡು ಕೊನೆಯವರೆಗೂ ಹೆಣ್ಣುದನಿಯಲ್ಲೇ ಹರಿಯಿತು. ಯಾರೂ ಭೇಷ್ ಅನ್ನಲಿಲ್ಲ. ನೀಲಗಂಗಮ್ಮ ಕಂಬ ಹಿಡಿದು ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುಳಸಿದ್ದಪ್ಪನಿಗೆ ತೊಡೆ ತಟ್ಟುವುದು ಮರೆತೇಹೋಯಿತು.

"ತಂಗಿ, ಇದು ಯಾವ ರಾಗ?" ಎಂದು ಸುಂಕಪ್ಪ ಮೆತ್ತಗೆ ಕೇಳಿದ.

"ನನಗೇನ್ ಗೊತ್ರಿ ಅಣ್ಣಾರ. ಕೇಳಿದ್ರ ತವರುಮನಿ ನೆನಪಾಗ್ತೈತಿ, ಅಷ್ಟ."

ಸುಂಕಪ್ಪ ರುಮಾಲು ಸರಿಮಾಡಿಕೊಂಡ. "ನಮ್ಮ ಹುಡುಗಿ ಹಾಡು ಕೇಳೋ ಅತ್ತಿ ಇಲ್ಲೇ ಅದಾಳ. ಮುಹೂರ್ತ ನೋಡಸ್ರಿ," ಎಂದ.

ಬೀಗರು ಹೋದ ಮೇಲೆ ಮರುಳಸಿದ್ದಪ್ಪ ಕೇಳಿದ: "ಕೀ ಸಾಲದು ಅಂತ ಮೊದಲ ಹೇಳಬಾರದಿತ್ತೇನು?"

"ನನಗ ಹೆಂಗ್ ತಿಳೀಬೇಕ್ರಿ? ದಿನಾ ನೀವು ಗಿರಣಿಗೆ ಹೋದ ಮ್ಯಾಲೆ ನಾ ಹಚ್ಚಿದಾಗ ಆಯಮ್ಮ ಚೆಂದಾಗಿ ಹಾಡ್ತಿದ್ಲು. ಇವತ್ತು ಹಂಗ ನರಳೋದು ಕೇಳಿ, ಶಾಸ್ತ್ರ ಬಲ್ಲವರ ಮುಂದ ಪಾಪ, ಆಕಿಗೂ ಜೀವ ಹೋಗಾಕ ಹತ್ತೇತಿ ಅಂದ್ಕಂಡೆ."