ಮಾಷ್ಟ್ರ ಮನೆಗೆ ಫ್ರೀಜರ್ ಬಂತು

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ. ನನಗಿರುವುದು ಮಾರ್ಕು ಕೊಡುವ ಕಾಯಿಲೆ. ಮೂವತ್ತೊಂದು ವರ್ಷ ಕನ್ನಡ ಮಾಷ್ಟ್ರಾಗಿ ಉತ್ತರಪತ್ರಿಕೆ ತಿದ್ದಿದವನಿಂದ ನಿವೃತ್ತಿಯ ದಿನ ಕೆಂಪು ಪೆನ್ನನ್ನು ಕಿತ್ತುಕೊಳ್ಳಬೇಕಿತ್ತು; ಇಲಾಖೆಯವರು ಮರೆತರು. ಈಗ ಮದುವೆಯೂಟದ ಪಾಯಸಕ್ಕೂ ಮಾರ್ಕು, ಪುರೋಹಿತರ ಉಚ್ಚಾರಣೆಗೂ ಮಾರ್ಕು. ಮನಸ್ಸಿನಲ್ಲೇ ಕೊಟ್ಟುಕೊಂಡರೆ ಯಾರಿಗೇನು ನಷ್ಟ? ಆದರೆ ಈ ಬಾಯಿ ಸುಮ್ಮನಿರಬೇಕಲ್ಲ! ಈ ಬಾಯಿಂದಲೇ ನಾನು ಸಂಜೀವಣ್ಣನನ್ನು ಕಳೆದುಕೊಂಡೆ.

ಸಂಜೀವಣ್ಣನದು ನಮ್ಮ ದಾರಿಯ ತಿರುವಿನಲ್ಲಿ ಜೀನಸಿನ ಅಂಗಡಿ. ಇಪ್ಪತ್ತೈದು ವರ್ಷ ಸಂಜೆಯಾದರೆ ನಾನು ಅವನ ಬೆಂಚಿನ ಮೇಲೆ. ಎರಡು ವರ್ಷದ ಹಿಂದೆ ಅಡೂರಿನಲ್ಲಿ, ಮಧ್ಯಾಹ್ನ ಭರ್ಜರಿ ಊಟವಾದ ಮೇಲೆ, ಒಂದು ತಾಳಮದ್ದಳೆ ಇತ್ತು. ಸಂಜೀವಣ್ಣ ಜನ್ಮದಲ್ಲಿ ಮೊದಲ ಸಲ ಪಾತ್ರ ವಹಿಸಿ ಅರ್ಥ ಹೇಳಲು ಕುಳಿತ; ನಾನು ಮೈಕಿಗೆ ಹತ್ತಿರವೇ, ಮುಂದಿನ ಸಾಲಿನಲ್ಲಿ. ಮುಗಿದದ್ದೇ ಹೆಗಲ ಶಾಲನ್ನೂ ತೆಗೆಯದೆ ಬಂದು, ಹೇಗಾಯಿತು ಎಂದು ಕೇಳಿದ. ಚೆನ್ನಾಗಿತ್ತು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನೂರಕ್ಕೆ ಮೂವತ್ತೆಂಟು ಎಂದೆ. ಅಂದಿನಿಂದ ಮಾತಿಲ್ಲ. ಉಪ್ಪು ಮುಗಿದರೂ ನಾನು ಆಚೆ ಪೇಟೆಗೆ ಬಸ್ಸು ಹತ್ತಬೇಕಿತ್ತು. ಆ ಬೆಂಚು ನೆನೆದಾಗಲೆಲ್ಲ ಸಂಕಟವಾಗುತ್ತಿತ್ತು. ಆದರೂ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕಾದವನು ಅಭ್ಯರ್ಥಿಯೇ ಹೊರತು ನಾನಲ್ಲ ಎಂದು ಬಿಗಿದುಕೊಂಡು ಕುಳಿತೆ.

ಸಂಜೆಗಳು ಹೀಗೆ ಖಾಲಿಯಾದಾಗ ಹೆಂಡತಿ ಶಾರದೆ ನನಗೊಂದು ಕೆಲಸ ಕೊಟ್ಟಳು. ಹಲಸಿನ ಸೊಳೆ, ಮಾವಿನ ರಸ ವರ್ಷವಿಡೀ ಇಡಲು ಒಂದು ಫ್ರೀಜರ್ ಬೇಕು. ಪೆಟ್ಟಿಗೆಯ ಹಾಗೆ ಮಲಗಿರುವಂಥದ್ದು ಬೇಡ, ಅಡಿಯದ್ದನ್ನು ತೆಗೆಯುವಷ್ಟರಲ್ಲಿ ಸೊಂಟ ಮುರಿಯುತ್ತದೆ, ಕಪಾಟಿನ ಹಾಗೆ ನೆಟ್ಟಗೆ ನಿಲ್ಲುವಂಥದ್ದೇ ಆಗಬೇಕು ಎಂದಳು. ನಾನು ನೋಟುಪುಸ್ತಕದಲ್ಲಿ ಗೆರೆ ಎಳೆದೆ. ಒಳಗಿನ ಡ್ರಾಯರುಗಳಿಗೆ ಮೂವತ್ತು, ಮಂಜು ಕಟ್ಟದಿರುವುದಕ್ಕೆ ಮೂವತ್ತು, ಕರೆಂಟು ಹೋದರೆ ತಡೆದುಕೊಳ್ಳುವುದಕ್ಕೆ ನಲವತ್ತು. ನಮ್ಮಲ್ಲಿ ಮಳೆಗಾಲದ ಕರೆಂಟು ಆ ದೇವರಿಗೇ ಪ್ರೀತಿ. ನಾಲ್ಕು ತಿಂಗಳು ನಾನು ಅಂಗಡಿ ಅಂಗಡಿ ಹತ್ತಿ ಇಳಿದೆ. ಕೊನೆಕೊನೆಗೆ ನನ್ನನ್ನು ಕಂಡರೆ ಸೇಲ್ಸಿನ ಹುಡುಗಿಯರು ಮಿಕ್ಸಿಯ ಹಿಂದೆ ಅಡಗುತ್ತಿದ್ದರು. ಕೊಂಡದ್ದಕ್ಕೆ ಈಗ ಎಪ್ಪತ್ತು ಕೊಟ್ಟಿದ್ದೇನೆ. ಕರೆಂಟು ಹೋದ ಎರಡನೇ ದಿನ ಸೊಳೆ ಮೆತ್ತಗಾಗದಿದ್ದರೆ ಎಂಬತ್ತು ಸಿಗುತ್ತಿತ್ತು.

ಇಷ್ಟೆಲ್ಲ ಅಳೆದು ಸುರಿದವನಿಗೆ ಒಂದು ವಿಷಯ ಮಾತ್ರ ಹೊಳೆಯಲಿಲ್ಲ. ನಮ್ಮ ಕಡೆ ಮನೆಗೆ ಫ್ರೀಜರ್ ಬಂತು ಎಂದರೆ ಅದಕ್ಕೆ ಒಂದೇ ಅರ್ಥ. ಗಲ್ಫಿನಿಂದ ಮಕ್ಕಳು ಬಂದು ಮುಟ್ಟುವ ತನಕ ಹೆಣ ಇಡುವ ಗಾಜಿನ ಪೆಟ್ಟಿಗೆ. ಅದರ ಮೇಲೆ ನನಗೆ ಜ್ವರ ಬಂದು ನಾಲ್ಕು ದಿನ ದಾರಿಯಲ್ಲಿ ಯಾರೂ ನನ್ನನ್ನು ಕಂಡಿರಲಿಲ್ಲ. ಐದನೇ ದಿನ ಫ್ರೀಜರ್ ತಂದ ಗಾಡಿಯ ಚಾಲಕ ವಿಳಾಸ ಕೇಳಿದ್ದು ಬೇರೆಲ್ಲೂ ಅಲ್ಲ, ಸಂಜೀವಣ್ಣನ ಅಂಗಡಿಯಲ್ಲಿ. ಮಾಷ್ಟ್ರ ಮನೆ ಯಾವುದು, ಫ್ರೀಜರ್ ಉಂಟು ಎಂದನಂತೆ.

ತಲೆಗೆ ಮಫ್ಲರ್ ಸುತ್ತಿಕೊಂಡು, ಗೋಡೆಗೆ ತಾಗಿಸಬೇಡಿ ಎನ್ನುತ್ತಾ ನಾನು ಹೊರಗೆ ಬರುವಾಗ ಅಂಗಳದಲ್ಲಿ ಏಳೆಂಟು ಜನ. ಪಕ್ಕದ ಮನೆಯವರು ಎರಡು ಕೈಯಲ್ಲೂ ಪ್ಲಾಸ್ಟಿಕ್ ಕುರ್ಚಿ ಹಿಡಿದಿದ್ದರು; ನನ್ನನ್ನು ಕಂಡದ್ದೇ ಒಂದನ್ನು ಕೆಳಗಿಟ್ಟು ಅದರಲ್ಲಿ ತಾವೇ ಕುಳಿತರು. ಎಲ್ಲರ ಮುಂದೆ ಸಂಜೀವಣ್ಣ. ಅಂಗಡಿಯನ್ನು ತೆರೆದೇ ಬಿಟ್ಟು ಓಡಿ ಬಂದಿದ್ದ. ಕಣ್ಣು ಕೆಂಪಗಾಗಿತ್ತು.

"ಮಾಷ್ಟ್ರೇ, ನೀವು ಉಂಟಾ?" ಎಂದ.

ಮನುಷ್ಯರಿಗೆ 'ಉಂಟಾ' ಎನ್ನಬಾರದು, 'ಇದ್ದೀರಾ' ಎನ್ನಬೇಕು ಎಂದು ಇವನನ್ನು ಇಪ್ಪತ್ತೈದು ವರ್ಷ ತಿದ್ದಿದವನು ನಾನು. ಆ ದಿನ ನಾನೂ "ಉಂಟು" ಎಂದೆ.

ಚಾ ಕುಡಿದು ಜನ ಚದುರಿದರು. ಒಬ್ಬಿಬ್ಬರ ಮುಖದಲ್ಲಿ ಸ್ವಲ್ಪ ನಿರಾಸೆ ಇದ್ದಂತೆ ಕಂಡಿತು. ಸಂಜೀವಣ್ಣ ಹೋಗಲಿಲ್ಲ. ಅಡುಗೆಮನೆಯಲ್ಲಿ ಫ್ರೀಜರಿನ ಸುತ್ತ ಒಂದು ಪ್ರದಕ್ಷಿಣೆ ಬಂದ, ಡ್ರಾಯರು ಎಳೆದು ನೋಡಿದ, ಅದರ ಮೇಲಿದ್ದ ನನ್ನ ನೋಟುಪುಸ್ತಕ ತೆರೆದು ಓದತೊಡಗಿದ. ಈಗ ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲವೆಂದು ನಾನು ಬಾಯಿಬಿಟ್ಟೆ. "ಆ ಮೂವತ್ತೆಂಟು ತಪ್ಪಾಯ್ತು ಸಂಜೀವಣ್ಣ."

ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. "ಇದರ ಸದ್ದಿಗೆ ಎಂತ, ಮಾರ್ಕಿಲ್ವಾ?" ಎಂದು ಕೇಳಿದ.

ಕಣ್ಣು ಮುಚ್ಚಿದರೆ ನನಗೆ ಯಾವ ಸದ್ದೂ ಕೇಳುವುದಿಲ್ಲ, ಹಾಗಾಗಿ ಹಾಕಿಲ್ಲ ಎಂದೆ.

"ಅದು ಅಡೂರಿನಲ್ಲೇ ಗೊತ್ತಾಗಿದೆ. ಮಾರ್ಕಿಗೆ ನನಗೆ ಸಿಟ್ಟು ಬಂದದ್ದಲ್ಲ ಮಾಷ್ಟ್ರೇ. ನಾನು ಬಾಯಿ ತೆರೆಯುವಾಗ ಶುರುವಾದ ನಿಮ್ಮ ಗೊರಕೆ ಕೊನೆಯ ಮಂಗಳದ ಪದದವರೆಗೆ ಮೈಕಿನಲ್ಲಿ ಕೇಳ್ತಾ ಇತ್ತು. ಒಂದು ಮಾತೂ ಕೇಳದೆ ಆ ಮೂವತ್ತೆಂಟಾದರೂ ಯಾವುದಕ್ಕೆ ಕೊಟ್ಟಿರಿ ಅಂತ ಎರಡು ವರ್ಷದಿಂದ ಯೋಚಿಸ್ತಾ ಇದ್ದೇನೆ."

ಒಲೆಯ ಹತ್ತಿರದಿಂದ ಶಾರದೆ, ಹಾಗಾದರೆ ಶಾಲೆಯ ಆ ಪೇಪರುಗಳನ್ನಾದರೂ ಓದಿ ಮಾರ್ಕು ಕೊಟ್ಟದ್ದಾ ಎಂದು ವಿಚಾರಿಸಿದಳು. ಕಿವಿಯವರೆಗೆ ಬಿಸಿಯಾಗಿದ್ದ ಮುಖವನ್ನು ನಾನು ಫ್ರೀಜರಿನ ಬಾಗಿಲು ತೆರೆದು ಒಳಗಿಟ್ಟೆ. ನಾಲ್ಕು ಗಂಟೆ ಹೊತ್ತು ಕಳೆಯದೆ ಪ್ಲಗ್ ಹಾಕಬಾರದು ಎಂದು ಗಾಡಿಯವನು ಹೇಳಿ ಹೋಗಿದ್ದ.