ಪಾರ್ಕಿಂಗಿನ ಜೋಡಿ ದೋಣಿ

ಕೆರಿಯಾಗ ಇರಬೇಕಾದ ದೋಣಿನ ಹಿಮಾಯತ್‌ನಗರದ ಅಪಾರ್ಟ್‌ಮೆಂಟ್ ಮುಂದ ನನ್ನ ಪಾರ್ಕಿಂಗ್ ಜಾಗದಾಗ ತಂದು ನಿಲ್ಲಿಸಿದ್ರ ಇಂಥಾವು ಆಗಾಕs ಬೇಕು, ಆಗಕೋತs ಹೋದವು. ಅದೊಂದು ಹಳೇ ಜೋಡಿ ದೋಣಿ: ಉದ್ದಾನ ಎರಡು ಫೈಬರ್ ಒಡಲು, ನಡುವ ಕುಂದರಲಿಕ್ಕೆ ಬಿಗಿದ ಬಲೆ, ಮ್ಯಾಲೆ ಹಾಯಿ ಕಟ್ಟೂ ಕಂಬ. ಊರಿಗೆ ಊರೇ ಸಾಫ್ಟ್‌ವೇರ್ ಆಗಿದ್ದ ಕಾಲ. ಎರಡನೇ ಮಹಡಿಯ ಬೀದರ್ ಕಡೆ ಎಂಜಿನಿಯರ್ ಕಾರು ಬುಕ್ ಮಾಡಿದ್ದ, ನಿಲ್ಲಿಸಲಿಕ್ಕೆ ಜಾಗ ಇರಲಿಲ್ಲ. "ದೋಣಿ ಕ್ಲಬ್ಬಿನ ತಪಾಸಣಿ ಪಾಸಾಗಿ ಕೆರಿಗೆ ಹೋದ್ರ ನನ್ನ ಜಾಗ ನಿಂದು" ಅಂದಿದ್ದೆ. ಕಾರು ರವಿವಾರ ಬರೂದಿತ್ತು. ದೋಣಿ ಪಾಸಾಗಲಿ ಅಂತ ನನಗಿಂತ ಹೆಚ್ಚು ದೇವರಿಗೆ ಕೈ ಮುಗದಾಂವ ಅವನೇ.

ಬಡದು ನೋಡೂದು

ಹಳೇ ಫೈಬರ್ ನಾಣ್ಯದಿಂದ ಬಡದ್ರ ಗಟ್ಟಿ ಇದ್ದಲ್ಲಿ ಟಣ್ ಅಂತೈತಿ, ಮೆತ್ತಗಾದಲ್ಲಿ ದಬ್. ನಾನು ಬಡಕೋತ ಹೊಂಟಿದ್ದೆ. ಕೆಳಗಿನ ಮನಿ ಕಲಬುರಗಿ ಅಜ್ಜಿ ಬಂದು ತಾನೂ ನಾಕು ಕಡೆ ಬಡದ್ಳು.

"ಎಲ್ಲಿ ತಂದ್ಯೋ ತಮ್ಮಾ?"

"ನಾಚಾರಂದಾಗ, ಅಜ್ಜಿ."

"ಸೀಳೈತಿ. ಲಗೂನ ಒಯ್ದು ಬದಲಿ ಮಾಡಿಸ್ಕೊಂಡು ಬಾ. ಒಮ್ಮೆ ನೀರು ಮುಟ್ಟಿಸಿದ್ರ ಗಡಿಗಿಯವರು ವಾಪಸ್ ತಗೊಳ್ಳಂಗಿಲ್ಲ."

ಬಲೆ

ದಬ್ ಅಂದಲ್ಲೆಲ್ಲ ತ್ಯಾಪಿ ಹಚ್ಚಿ, ನಡುವಿನ ಬಲೆ ಬಿಗಿ ಮಾಡಿ ಮಲಗಿದೆ. ಮುಂಜಾನೆ ನೋಡಿದ್ರ ಅದರ ಮ್ಯಾಲೆ ಹಳೇ ಸೀರಿ, ಸೀರಿ ಮ್ಯಾಲೆ ಸಂಡಿಗಿ. ಗಾಳಿ ಕೆಳಗಿಂದಾನೂ ಬರತೈತಂತ!

"ತಗಿ ಇವನ್ನ, ಕೆಲಸ ಐತಿ" ಅಂದೆ.

ಬಾಜೂಕ ಕುಂತು ಸಂಡಿಗಿ ಇಡಾಕತ್ತಿದ್ದ ಹೆಂಡತಿ ಏಳಲೇ ಇಲ್ಲ. "ಒಣಗಲಿ ಬಿಡ್ರಿ. ಈ ದೋಣಿಯಿಂದ ಮನಿಗೆ ಬಂದದ್ದು ಇದೊಂದs."

ಕಂಬ

ಕಂಬದ ತಂತಿಗಳನ್ನ ಹೊಂದಿಸಿ, ಕಂಬ ಚೂರು ಹಿಂದಕ್ಕ ವಾಲಿಸಬೇಕು. ಆಗ ದೋಣಿ ಮಾತು ಕೇಳತೈತಿ. ಒಂದು ತಂತಿ ಸಡಲಿಸಿದ್ನೋ ಇಲ್ಲೋ, "ಟೀವಿ ಹೋತು!" ಅಂತ ಮ್ಯಾಲಿಂದ ಗದ್ದಲ. ಕೇಬಲ್‌ನಾಂವ ಯಾವಾಗಲೋ ತನ್ನ ವಾಯರ್ ನನ್ನ ಕಂಬಕ್ಕ ಸುತ್ತಿ ಹೋಗಿದ್ದ! ಬಾಲ್ಕನಿ ತುಂಬ ಮಂದಿ.

"ಹಿಂದಕ್ಕ... ಇನ್ನೊಂಚೂರು... ಬಂತು ಬಂತು! ಅಲ್ಲೇ ಬಿಡ್ರಿ!"

ಅಲ್ಲೇ ಬಿಟ್ಟೆ. ಅಳದು ನೋಡಿದ್ರ, ಧಾರಾವಾಹಿ ಬಂದಲ್ಲೇ ಕಂಬಾನೂ ಸರಿ ವಾಲಿತ್ತು.

ತಪಾಸಣಿ

ರವಿವಾರ ದೋಣಿನ ಹುಸೇನ್ ಸಾಗರದ ದಂಡಿಗೆ ಒಯ್ದ್ವಿ. ತಪಾಸಣಿ ಮಾಡಾವರು ನೌಕಾಪಡೆಯಿಂದ ರಿಟೈರ್ ಆದವರು. ಹಗ್ಗ, ತಂತಿ, ಚುಕ್ಕಾಣಿ ಎಲ್ಲಾ ಜಗ್ಗಿ ನೋಡಿ "ಪಾಸ್" ಅಂದು ಚಹಾಕ್ಕ ಹೋದರು. ಎಂಜಿನಿಯರ್ ಕುಣಿಯೂದೊಂದು ಬಾಕಿ.

"ಪೂಜಿ ಇಲ್ದ ಗಾಡಿ ಹೊರಡಸ್ತಾರೇನ್ರಿ?" ಅಂತ ಚೀಲದಿಂದ ಕುಂಕುಮ, ನಿಂಬಿಹಣ್ಣು, ತೆಂಗಿನಕಾಯಿ ತಗದ. ಗಾಲಿ ಇಲ್ಲಲ್ಲ, ಒಂದೊಂದು ಒಡಲಿನ ಕೆಳಗ ಒಂದೊಂದು ನಿಂಬಿಹಣ್ಣು ಇಟ್ಟ. ಕಾಯಿ ಒಡಿಲಿಕ್ಕೆ ಸುತ್ತ ನೋಡಿದ. ಬರೇ ಕೆಸರು, ಒಂದು ಕಲ್ಲಿಲ್ಲ. "ಆ ಕಡೆ ಕಟ್ಟಿ ಮ್ಯಾಲೆ ಒಡಿ..." ಅಂತ ನಾನು ಅನ್ನೂದ್ರಾಗ ಖುಷಿಯೊಳಗ ಎತ್ತಿ ದೋಣಿ ಮೂತಿಗೇ ಹೊಡದ.

ಕಾಯಿಗೆ ಒಂದು ಗೀರೂ ಬೀಳಲಿಲ್ಲ. ಮೂತಿಯಾಗ ಮುಷ್ಟಿ ಹೋಗೂವಷ್ಟು ತೂತು.

ಚಹಾ ಮುಗಿಸಿ ಬಂದವರು ತೂತು ನೋಡಿದರು, ಇವನ ಮಾರಿ ನೋಡಿದರು.

"ಸರ್, ಪಾಸಂದ್ರೆಲ್ರಿ? ಸಂಜಿಗೆ ಕಾರು ಬರತೈತ್ರಿ..." ಅಂದ, ಅಳೂ ದನಿಯಾಗ.

ಅವರು ಅವನ ಕೈಯಿಂದ ಕಾಯಿ ತಗೊಂಡು, ಕಿವಿ ಹತ್ರ ಅಲ್ಲಾಡಿಸಿ ಕೇಳಿ, ವಾಪಸ್ ಕೊಟ್ಟರು.

"ಇದು ಪಾಸು. ಇದನ್ನ ನೀರಿಗೆ ಬಿಡು. ದೋಣಿನ ಪಾರ್ಕಿಂಗಿಗೆ ಒಯ್ಯಿ."